ನಿನ್ನ ಪಾಲಿನ ವರ್ಬುಗಳು

ರೂಮ್‌ಮೇಟ್ ಭಾಗ್ಯಳಿಗೆ,

ಸಾರಿ ಕಣೇ. ಸತ್ತವರಿಗೆ ಕಾಗದ ಬರೆಯಬಾರದು ಅಂತ ನನಗೂ ಗೊತ್ತು. ಬರೆದರೂ ಪೋಸ್ಟ್‌ಮನ್ ಎಲ್ಲಿಗೆ ಒಯ್ಯಬೇಕು? ಆದರೆ ನಿನ್ನನ್ನು ಬೈಯುವುದಕ್ಕೆ ನನಗೆ ಬೇರೆ ದಾರಿ ಕಾಣುತ್ತಿಲ್ಲ. ಯಾರ ಹತ್ತಿರ ನಿನ್ನ ಹೆಸರು ಎತ್ತಿದರೂ 'ಪಾಪ, ಎಂಥಾ ಹುಡುಗಿ' ಅನ್ನುತ್ತಾರೆ, ನನ್ನ ಬೈಗುಳ ಗಂಟಲಲ್ಲೇ ಉಳಿಯುತ್ತದೆ. ಬರುವ ಭಾನುವಾರ ನಾನು ಗುಬ್ಬಿಗೆ ಹೋಗಿ ನಿನ್ನ ಫ್ರೆಂಚ್ ನೋಟ್‌ಬುಕ್ಕನ್ನು ನಿಮ್ಮಮ್ಮನ ಕೈಗೆ ವಾಪಸ್ ಕೊಡಬೇಕಾಗಿದೆ. ಅದರೊಳಗೆ ಏನಿದೆ, ಏನಿಲ್ಲ ಅನ್ನುವುದು ನನ್ನನ್ನೂ ನಿನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೇಳು, ಏನಂತ ಕೊಡಲಿ?

ಅಡ್ಮಿಶನ್ ದಿನ ತುಮಕೂರಿನ ಕಾಲೇಜಿನ ಮುಂದೆ ಕ್ಯೂ ನಿಂತಿದ್ದು ನೆನಪಿದೆಯಾ? ನಾನು ನಿನ್ನ ಹಿಂದೆಯೇ ಇರಬೇಕು ಅಂತ ನೀನು ನನ್ನ ದುಪಟ್ಟಾದ ತುದಿ ಹಿಡಿದುಕೊಂಡೇ ನಿಂತಿದ್ದೆ. ಫಾರಂ ಒಟ್ಟಿಗೆ ಕೊಟ್ಟರೆ ರೋಲ್ ನಂಬರ್ ಒಂದರ ಹಿಂದೆ ಒಂದು ಬರುತ್ತದೆ, ಪರೀಕ್ಷೆಯಲ್ಲಿ ನೀನು ಮುಂದಿನ ಬೆಂಚು, ನಾನು ಹಿಂದಿನ ಬೆಂಚು. ಐದನೇ ಕ್ಲಾಸಿನಿಂದ ಹಾಸ್ಟೆಲ್ ಸ್ಕೂಲಿನಲ್ಲಿ ನಾವು ಕಲಿತ ದೊಡ್ಡ ವಿದ್ಯೆ ಅದೊಂದೇ ತಾನೆ? ಯಾರೋ ಒಬ್ಬಳು ನಮ್ಮ ನಡುವೆ ನುಗ್ಗಲು ಬಂದಾಗ, "ಏ, ನಾವಿಬ್ರೂ ಒಂದೇ ಮನೆಯವ್ರು ಕಣ್ರೀ, ಹಿಂದಕ್ಕೋಗಿ" ಅಂತ ನೀನೇ ಓಡಿಸಿದೆ. ಸೆಕೆಂಡ್ ಲಾಂಗ್ವೇಜ್ ಅನ್ನುವ ಕಡೆ ನಾನು 'ಕನ್ನಡ' ಅಂತ ಬರೆಯುವುದರಲ್ಲಿದ್ದೆ. ಪೆನ್ನು ಕಿತ್ತುಕೊಂಡವಳು ನೀನು.

"ನಿನ್ ಕನ್ನಡಕ್ಕೆ ಪಾಸ್ ಮಾರ್ಕ್ಸ್ ಬಂದ್ರೆ ಅದೇ ದೊಡ್ಡದು. ಇಂಗ್ಲಿಷಲ್ಲಿ ಯೋಚ್ನೆ ಮಾಡಿ ಕನ್ನಡದಲ್ಲಿ ತೊದಲ್ತೀಯ. ಫ್ರೆಂಚ್ ತಗೋ, ಎಲ್ರೂ ತೊಂಬತ್ತು ತೆಗೀತಾರಂತೆ."

"ನಂಗೊಂದಕ್ಷರನೂ ಬರಲ್ವಲ್ಲೇ?"

"ನಾನಿಲ್ವೇನೇ?"

ಹಾಗಂದವಳು ನೀನು. ನಾನು ನಂಬಿದೆ.

ಮೊದಲನೇ ವಾರವೇ ಪಾಲು ಮಾಡಿಕೊಂಡೆವು. ಫಿಸಿಕ್ಸ್ ರೆಕಾರ್ಡು, ಜುವಾಲಜಿ ಚಿತ್ರಗಳು ಇಬ್ಬರದೂ ನನ್ನ ತಲೆಗೆ. ಫ್ರೆಂಚ್ ವರ್ಬುಗಳು ಇಬ್ಬರದೂ ನಿನ್ನ ತಲೆಗೆ. ಅರ್ಧ ಪೇಪರು ಆ ವರ್ಬುಗಳ ಮೇಲೆಯೇ ನಿಂತಿರುತ್ತದೆ, ನೀನು ಸ್ವಲ್ಪ ಎಡಕ್ಕೆ ವಾಲಿದರೆ ನನಗೆ ಕಾಣುತ್ತದೆ ಅಂತ ಬೆಂಚಿನ ಮೇಲೆ ಕೂತು ರಿಹರ್ಸಲ್ ಬೇರೆ ಮಾಡಿಸಿದವಳೂ ನೀನೇ. ನನ್ನ ಪಾಲಿನ ಕೆಲಸ ನಾನು ಮಾಡಿದೆ. ಕಪ್ಪೆಯ ಹೊಟ್ಟೆಯನ್ನು ಎರಡೆರಡು ಸಲ ಬಿಡಿಸಿದೆ. ನನ್ನ ಕಪ್ಪೆಗೆ ಒಳ್ಳೆಯ ಪೆನ್ಸಿಲು, ನಿನ್ನ ಕಪ್ಪೆಗೆ ಮೊಂಡು ಪೆನ್ಸಿಲು. ಅದು ನಿಜ, ಒಪ್ಪಿಕೊಳ್ಳುತ್ತೇನೆ. ಆದರೆ ಮಾಡಿದೆನಲ್ಲ?

ಬೆಳಿಗ್ಗೆ ಬಾತ್‌ರೂಮಿನ ಕ್ಯೂನಲ್ಲಿ ಬಕೆಟ್ ಬೋರಲು ಹಾಕಿ ಕೂತು ನೀನು ಶುರುಮಾಡುತ್ತಿದ್ದೆ: 'ಜ್ ಸ್ವೀ, ತ್ಯು ಎ, ಇಲ್ ಎ, ನೂ ಸೋಮ್...' ಹುಡುಗಿಯರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಒಂದು ದಿನ ಜೋರಾಗಿ, ಒಂದು ದಿನ ರಾಗವಾಗಿ, ಒಂದು ದಿನ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ. ಅದು ದಿನವೂ 'ಇರು' ಅನ್ನುವ ಅದೇ ಒಂದು ವರ್ಬು ಅಂತ ನನಗೆ ಹೇಗೆ ಗೊತ್ತಾಗಬೇಕು? "ಎಷ್ಟಾಯ್ತೇ?" ಅಂತ ಕೇಳಿದಾಗಲೆಲ್ಲ "ನಲವತ್ತು ಮುಗೀತು, ನೀನ್ ನಿನ್ ಕಪ್ಪೆ ನೋಡ್ಕೋ" ಅನ್ನುತ್ತಿದ್ದೆಯಲ್ಲ, ಅಷ್ಟು ನೆಟ್ಟಗೆ ಮುಖ ಇಟ್ಟುಕೊಂಡು...

ಡಿಸೆಂಬರಿನಲ್ಲಿ ಕಣ್ಣು ಹಳದಿಯಾಯಿತು ಅಂತ ನಿಮ್ಮಮ್ಮ ಬಂದು ಕರೆದುಕೊಂಡು ಹೋದರು. ಕಾಮಾಲೆ, ನಾಟಿ ಔಷಧಿ ಕುಡಿದರೆ ಹದಿನೈದು ದಿನದಲ್ಲಿ ವಾಸಿ ಅಂದರು. ಹನ್ನೆರಡನೇ ದಿನಕ್ಕೆ ವಾರ್ಡನ್ ನನ್ನನ್ನು ಆಫೀಸಿಗೆ ಕರೆಸಿದರು. ಅದರ ಬಗ್ಗೆ ಬರೆಯುವುದಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಬಂದಿದ್ದೆ. ಎಲೆ ಎತ್ತಿದ ಮೇಲೆ ನಿಮ್ಮಮ್ಮ ಒಳಗಿನಿಂದ ಬ್ರೌನ್ ರ‍್ಯಾಪರ್ ಹಾಕಿದ ನಿನ್ನ ನೋಟ್‌ಬುಕ್ಕನ್ನು ತಂದುಕೊಟ್ಟರು. "ಇದ್ರಾಗೆ ಎಲ್ಲಾ ಬರ್ದವ್ಳೆ ಕಣವ್ವ. ಈಗ ಅವ್ಳಿಗ್ಯಾಕೆ? ನಿನ್ ಪರೀಕ್ಷೆಗಾದ್ರೂ ಆಗ್ಲಿ. ಆಮ್ಯಾಕೆ ಜ್ವಾಪಾನವಾಗಿ ತಂದ್ಕೊಡು." ತುಮಕೂರಿನ ಬಸ್ಸು ಹೊರಟ ಮೇಲೆ ತೆರೆದು ನೋಡಿದೆ. ಮೊದಲ ಎರಡು ಪುಟದಲ್ಲಿ ಅದೇ ಒಂದು ವರ್ಬು. ಮೂರನೆಯ ಪುಟದಲ್ಲಿ ಚುಕ್ಕಿ ರಂಗೋಲಿ. ನಾಲ್ಕನೆಯದರಲ್ಲಿ ಊರಿಂದ ತರಬೇಕಾದ ಸಾಮಾನು: ಚಟ್ನಿಪುಡಿ, ಹರಳೆಣ್ಣೆ, ಸೇಫ್ಟಿ ಪಿನ್ನು. ಆಮೇಲೆ ಕೊನೆಯವರೆಗೂ ಬಿಳಿ. ನಿನ್ನ ಹನ್ನೊಂದನೇ ದಿನದ ಊಟ ಹೊಟ್ಟೆಯಲ್ಲಿರುವಾಗಲೇ ನಿನಗೆ ಶಾಪ ಹಾಕಿದೆ ಭಾಗ್ಯ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನಾನು ಅಳುತ್ತಿದ್ದೇನೆ ಅಂದುಕೊಂಡು ಬಾಳೆಹಣ್ಣು ಕೊಟ್ಟರು.

ಅಲ್ಲಿಗೆ ಮುಗಿದಿದ್ದರೆ ಸರಿ. ನಿಮ್ಮಮ್ಮ ಮಾರುವುದಕ್ಕೆ ಹೂ ತರಲು ತುಮಕೂರಿಗೆ ಬರುತ್ತಾರಲ್ಲ, ಹದಿನೈದು ದಿನಕ್ಕೊಂದು ಸಲ ಹಾಸ್ಟೆಲ್ಲಿಗೂ ಬರತೊಡಗಿದರು. ವಿಸಿಟರ್ಸ್ ಬೆಂಚಿನ ಮೇಲೆ ಕೂತು, ಕೋಡುಬಳೆಯ ಡಬ್ಬಿ ನನ್ನ ಕೈಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು:

"ನಮ್ ಭಾಗ್ಯ ಕಲ್ತಿದ್ದ ಫ್ರೆಂಚು ಒಸಿ ಹೇಳವ್ವ, ಕೇಳ್ಬೇಕು."

ನನಗೆ ಬರುತ್ತಿದ್ದದ್ದು ನಿನ್ನ ಆ ಒಂದೇ ವರ್ಬು. ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಇದ್ನ ಮನೇಲೂ ಹೇಳ್ತಿದ್ಲು. ಇದಾದ್ಮೇಲಿಂದು ಹೇಳು."

ಇದಾದ ಮೇಲಿನದು! "ಕ್ಲಾಸಿಗೆ ಟೈಮಾಯ್ತು ಅಮ್ಮ, ಮುಂದಿನ ಸಲ" ಅಂದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ವಾರ್ಡನ್ ಗುಡ್ ಮಾರ್ನಿಂಗ್ ಅಂದರೂ ಏನು ತಪ್ಪಾಯಿತೋ ಅಂತ ನಡುಗುವವಳು. ಅಂಥವಳನ್ನು ಆ ಹೆಂಗಸಿನ ಎದುರು ನಿಲ್ಲಿಸಿ ಹೋದೆಯಲ್ಲ, ನಾಚಿಕೆ ಆಗಲಿಲ್ವಾ ನಿನಗೆ?

ಕಲಿತೆ. ಬೇರೆ ಗತಿ ಇತ್ತಾ? ನಮ್ಮ ಹಾಸ್ಟೆಲ್ಲಿನ ಮೆಟ್ಟಿಲು ಹನ್ನೆರಡು. ನಾನು, ನೀನು, ಅವನು, ನಾವು, ನೀವು, ಅವರು ಅಂತ ಒಂದು ವರ್ಬಿಗೆ ಆರು ರೂಪ. ಹತ್ತುವಾಗ ಎರಡು ವರ್ಬು, ಇಳಿಯುವಾಗ ಅವೇ ಎರಡು ತಿರುಗಾಮುರುಗಾ. ತಪ್ಪಿದರೆ ಮತ್ತೆ ಕೆಳಗಿನಿಂದ. ಕೆಲವು ವರ್ಬು ಸಾಧು ಹಸುವಿನ ಥರ, ಒಂದನ್ನು ಕಟ್ಟಿದರೆ ಉಳಿದವು ಹಿಂದೆಯೇ ಬರುತ್ತವೆ. 'ಹೋಗು' ಅನ್ನುವುದಿದೆಯಲ್ಲ, ಅದು ಮಾತ್ರ ಮೂರು ಮೆಟ್ಟಿಲು ಒಂದು ವೇಷ, ನಾಲ್ಕನೆಯದಕ್ಕೆ ಬೇರೆಯೇ ವೇಷ. ಅದಕ್ಕಾಗಿ ಒಂದು ಸಂಜೆಯೆಲ್ಲ ಹತ್ತಿ ಇಳಿದೆ. ಪಕ್ಕದ ರೂಮಿನ ಶೀಲಾ, "ಏನ್ಲೇ, ಮೆಟ್ಲಿಗೆ ಮಂತ್ರ ಹಾಕ್ತಿದೀಯ? ಭಾಗ್ಯ ಬಂದ್ಬುಟ್ಟಾಳು ಕಣೇ" ಅಂತ ನಕ್ಕಳು. ಬರಲಿ, ಒಂದು ಕೆನ್ನೆಗೆ ಬಾರಿಸಬೇಕು ಅಂದೆ. ಅವಳ ನಗು ನಿಂತುಹೋಯಿತು.

ಪ್ರತಿ ಸಲವೂ ನಿಮ್ಮಮ್ಮನಿಗೆ ಹೊಸದು ಹೇಳಿದೆ, ನಿನ್ನ ಹೆಸರಿನಲ್ಲಿ. "ಇಷ್ಟೆಲ್ಲಾ ತಲೇಲಿ ಇಟ್ಕಂಡಿದ್ಲಾ ನನ್ ಮಗ್ಳು?" ಅನ್ನುತ್ತಿದ್ದರು. ಹೌದಮ್ಮ ಅನ್ನುತ್ತಿದ್ದೆ. ನನ್ನ ಕಾಲು ನೋವು, ನಿನಗೆ ಹೆಸರು.

ಪರೀಕ್ಷೆಯ ದಿನ ನನ್ನ ಮುಂದಿನ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ನಿನ್ನ ನಂಬರು ಹಾಗೆಯೇ ಇತ್ತು. ಯಾರೂ ಹೊಡೆದು ಹಾಕಿರಲಿಲ್ಲ. ಸೂಪರ್‌ವೈಸರ್ ಬಂದು, "ಇಲ್ಲಿಯವಳೆಲ್ಲಮ್ಮ?" ಅಂದರು. "ಆಬ್ಸೆಂಟ್ ಸರ್" ಅಂದೆ. ಬರೆದುಕೊಂಡು ಹೋದರು. ಅಷ್ಟೇ. ಪೇಪರು ಪೂರ್ತಿ ಬರೆದೆ, ಎಡಕ್ಕೆ ಯಾರೂ ವಾಲಲಿಲ್ಲ. ಎಂಬತ್ತೊಂದು ಬಂದಿದೆ. ಕುಣಿಗಲ್ಲಿನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ನಮ್ಮಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನಿನಗೆ ಥ್ಯಾಂಕ್ಸ್ ಹೇಳುತ್ತೇನೆ ಅಂದುಕೊಂಡಿದ್ದರೆ, ಇಲ್ಲ.

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ನಿನ್ನ ತಂಗಿ ರೂಪಾ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ನಮ್ಮದೇ ಕಾಲೇಜು, ಫ್ರೆಂಚೇ ಬೇಕಂತೆ. ನಿಮ್ಮಮ್ಮ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, "ಅಕ್ಕನ ಬುಕ್ಕೇ ಸಾಕು ಅಂತವ್ಳೆ ಕಣವ್ವ, ಭಾನುವಾರ ತಂದ್ಬುಡು" ಅಂದರು. ಅಮ್ಮನಿಗೆ ಓದಲು ಬರುವುದಿಲ್ಲ. ರೂಪಾಗೆ ಬರುತ್ತದೆ.

ಕಳೆದುಹೋಯಿತು ಅನ್ನಲೇ ಅಂದುಕೊಂಡೆ. ನಿನ್ನ ವಾಲು ಅಕ್ಷರವನ್ನು ಹಳೇ ಪೇಪರಿನ ಮೇಲೆ ಬರೆದೂ ನೋಡಿದೆ. ಚೆನ್ನಾಗಿಯೇ ಬಂತು, ಅಸಹ್ಯವಾಯಿತು, ಹರಿದೆ. ಈಗ ನನ್ನ ಅಕ್ಷರದಲ್ಲೇ ತುಂಬಿಸುತ್ತಿದ್ದೇನೆ. ಪುಟಕ್ಕೆರಡು ವರ್ಬು, ಒಳ್ಳೆಯ ಪೆನ್ನಿನಲ್ಲಿ. ಮೊದಲ ನಾಲ್ಕು ಪುಟ ಮಾತ್ರ ನಿನ್ನವು, ರಂಗೋಲಿಯನ್ನೂ ಹರಿದಿಲ್ಲ. ಅಮ್ಮ ನಂಬಿದ್ದನ್ನು ನಂಬಿಕೊಂಡಿರಲಿ. ರೂಪಾ ಅಕ್ಷರ ಗುರುತಿಸಿ ಕೇಳಿದರೆ ಅವಳೊಬ್ಬಳಿಗೆ ನಿಜ ಹೇಳುತ್ತೇನೆ: ನಿಮ್ಮಕ್ಕ ಏನೂ ಕಲಿತಿರಲಿಲ್ಲ, ನೀನು ಯಾರ ಬೆಂಚನ್ನೂ ನಂಬಬೇಡ ಅಂತ. ಅವಳಿಗೂ ಸುಳ್ಳು ಹೇಳಿ ನಿನ್ನನ್ನು ಕಾಪಾಡುವುದು ನನ್ನ ಕೈಲಾಗುವುದಿಲ್ಲ.

ಇವತ್ತು ಗುರುವಾರ, ಭಾನುವಾರ ಬೆಳಿಗ್ಗೆ ಎಂಟಕ್ಕೆ ನನ್ನ ಬಸ್ಸು. ಅವಳಿಗೆ ಹೇಳುವುದು ಬೇಡ ಅನ್ನುವುದಾದರೆ ಅಷ್ಟರೊಳಗೆ ತಿಳಿಸು. ಬೇಗ ಉತ್ತರ ಬರೆ.

ಶ್ರುತಿ