ಎಂಜಿನ್ನಿಗೊಂದು ಹಿಡಿಕೆ ಬಿಡಿ

ಗಂಗೊಳ್ಳಿ ಅಳಿವೆ,
ಕಡಲೇರಿದ ನೂರ ಹನ್ನೊಂದನೆಯ ವರ್ಷ,
ಹದಿಮೂರನೆಯ ತಿಂಗಳ ನಾಲ್ಕನೆಯ ದಿನ.

ನೂರು ವರ್ಷದ ಹಿಂದೆ ಹೊಸ ಬಗೆಯ ದೋಣಿ ಕೊಳ್ಳಲು ಹೊರಟಿರುವ ಹಿರಿಯರಿಗೆ, ರುಕ್ಕು ಕಾಂಚನ್ ಮಾಡುವ ನಮಸ್ಕಾರಗಳು.

ಹದಿಮೂರನೆಯ ತಿಂಗಳೆಂದರೆ ನೀವು ನಗಬಹುದು. ಇದು ಅಧಿಕಮಾಸವಲ್ಲ. ಮಳೆಗಾಲ ಉದ್ದವಾಗುತ್ತ ಹೋಗಿ ಹನ್ನೆರಡರಲ್ಲಿ ಹಿಡಿಸದಾದಾಗ ನಮ್ಮವರು ಪ್ರತಿವರ್ಷಕ್ಕೂ ಒಂದು ತಿಂಗಳು ಸೇರಿಸಿಕೊಂಡರು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇಲ್ಲಿ ಹಾಲು, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ ಎಲ್ಲವೂ ದೋಣಿಯಲ್ಲೇ ಹೋಗುತ್ತವೆ. ಮೀನು ಒಣಗಿಸುವುದು ಮನೆಯ ಮಾಡಿನ ಮೇಲೆ.

ನಿಮ್ಮ ಕಾಲದಲ್ಲಿ ಚಕ್ರ ತಿರುಗಿಸಿದರೆ ಕೇಬಲ್ಲೋ ಎಣ್ಣೆಯ ಕೊಳವೆಯೋ ದೋಣಿಯ ಹಿಂದಿನ ಎಂಜಿನ್ನನ್ನು ಹೊರಳಿಸುತ್ತಿತ್ತಂತೆ. ನಮ್ಮ ತಂತಿಚುಕ್ಕಾಣಿಯಲ್ಲಿ ಹಾಗೆ ಎಳೆಯುವುದು ಏನೂ ಇಲ್ಲ. ಚಕ್ರ ಎಷ್ಟು ತಿರುಗಿತೆಂದು ಅದರ ಅಡಿಯ ಸೆನ್ಸರ್ ತಂತಿಯಲ್ಲಿ ಹೇಳಿ ಕಳಿಸುತ್ತದೆ. ನಡುವಿನ ಪೆಟ್ಟಿಗೆ ಅದನ್ನು ಕೇಳಿ, ದೋಣಿಯ ವೇಗ ನೋಡಿ, ಎಂಜಿನ್ನಿನ ಬುಡದ ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಕೈಗೆ ಸಿಗುವ ಬಿಗಿಯೂ ನೀರಿನದಲ್ಲ, ಚಕ್ರದೊಳಗೆ ಕೂತ ಇನ್ನೊಂದು ಮೋಟಾರಿನದು. ವೇಗ ಹೆಚ್ಚಾದರೆ ಚಕ್ರ ಬಿಗಿ, ಜೆಟ್ಟಿಯ ಹತ್ತಿರ ಹಗುರ. ಸುಖವೆಂದು ಒಪ್ಪಲೇಬೇಕು. ಎಪ್ಪತ್ತು ದಾಟಿದ ನಾನೂ ಒಂದೇ ಬೆರಳಲ್ಲಿ ದೋಣಿ ತಿರುಗಿಸುತ್ತೇನೆ.

ಜೊತೆಗೆ ನಿಲುಗಾವಲು ಎಂಬುದೊಂದಿದೆ. ಚಕ್ರದಿಂದ ಎರಡೂ ಕೈ ಬಿಟ್ಟರೆ, ನಡೆಸುವವನು ನೀರಿಗೆ ಬಿದ್ದನೆಂದು ತಿಳಿದು ಪೆಟ್ಟಿಗೆ ದೋಣಿಯನ್ನು ಇದ್ದಲ್ಲೇ ಹಿಡಿದು ನಿಲ್ಲಿಸುತ್ತದೆ. ಹತ್ತು ಎಣಿಸುವಷ್ಟು ಹೊತ್ತು ದೋಣಿ ಅಲುಗದಿದ್ದರೆ ಮಾತ್ರ ಚಕ್ರ ಮತ್ತೆ ನಮ್ಮ ಮಾತು ಕೇಳುತ್ತದೆ. ಬಿದ್ದವನು ಹತ್ತಿಕೊಳ್ಳುವಾಗ ದೋಣಿ ಓಡಬಾರದೆಂದು ಹಾಗೆ ಮಾಡಿದ್ದಂತೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಬೈಯೋಣವೆಂದರೂ ಯಾರೂ ಸಿಗುವುದಿಲ್ಲ.

ನದಿ ಕಡಲು ಸೇರುವ ಅಳಿವೆಯ ಬಾಯಿಗೆ ಬಂದಾಗ, ಒಳಗೆ ಬರುವ ಮೊದಲು, ಎರಡೂ ಕೈ ಎತ್ತಿ ಕಡಲಿಗೆ ಮುಗಿಯುವುದು ನಮ್ಮ ಮನೆಯ ರೂಢಿ. ಅಜ್ಜನ ಕಾಲದ ಹಳೆಯ ದೋಣಿಯಲ್ಲಿ ಎಂಜಿನ್ನನ್ನು ನೇರವಾಗಿ ಹೊರಳಿಸುವ ಕೈಯುದ್ದದ ಹಿಡಿಕೆ ಇತ್ತು. ಅದನ್ನು ತೊಡೆಗೆ ಒತ್ತಿಕೊಂಡು ಮುಗಿಯುತ್ತಿದ್ದೆವು.

ಹೋದ ತಿಂಗಳು ನನ್ನ ತಮ್ಮ ಶೀನ ಹೊಸ ದೋಣಿಯಲ್ಲಿ ಮೊದಲ ಸಲ ಮೀನು ತುಂಬಿಕೊಂಡು ಬಂದ. ಬೆಳಿಗ್ಗೆ ಹತ್ತು ಗಂಟೆ. ನಾನು ದಂಡೆಯ ಕಲ್ಲುಗಳ ಮೇಲೆ ವಯರ್‌ಲೆಸ್ ಹಿಡಿದು ನಿಂತಿದ್ದೆ. ಸುಮ್ಮನಿರಬಾರದಿತ್ತೇ ನಾನು? "ಶೀನಾ, ಕೈ ಮುಗ್ದ್ಯಾ?" ಎಂದು ನೆನಪಿಸಿದೆ. ಅಕ್ಕನ ಮಾತು ಮೀರಿದವನಲ್ಲ, ಮುಗಿದ. ಅಳಿವೆಯ ಬಾಯಲ್ಲೇ ದೋಣಿ ನಿಂತುಬಿಟ್ಟಿತು. ಹಿಂದಿನಿಂದ ತೆರೆ ಬರುತ್ತಿತ್ತು.

"ಅಕ್ಕಾ, ತಿರ್ಗ್ಸ್ತಾ ಇದ್ದೆ, ಈ ಚಕ್ರ ಮಾತ್ ಕೇಂತಿಲ್ಲೆ" ಎಂದ.

ಹತ್ತರ ಲೆಕ್ಕ ನನಗೆ ಗೊತ್ತಿತ್ತು. ವಯರ್‌ಲೆಸ್ಸಿನಲ್ಲಿ ಗಟ್ಟಿಯಾಗಿ ಎಣಿಸತೊಡಗಿದೆ. ತೆರೆ ಬಡಿದಾಗಲೆಲ್ಲ ಮತ್ತೆ ಒಂದರಿಂದ. ಐದು ದಾಟಲೇ ಇಲ್ಲ. ದೋಣಿ ಮಗುಚಿತು. ಜೊತೆಯಲ್ಲಿದ್ದ ಇಬ್ಬರು ಈಜಿ ದಡ ಸೇರಿದರು. ಶೀನ ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದನಂತೆ, ಇನ್ನೊಮ್ಮೆ ಕೈ ಬಿಡಬಾರದೆಂದು. ಅವನು ದಡಕ್ಕೆ ಬರಲಿಲ್ಲ.

ಈಗಿನ ಎಂಜಿನ್ನುಗಳು ಮುಚ್ಚಿಕೊಂಡೇ ಬರುತ್ತವೆ, ಹಿಡಿಕೆ ಕೂರಿಸಲು ಜಾಗವಿಲ್ಲ. ಯಾರನ್ನು ಕೇಳಿದರೂ ಅದೆಲ್ಲ ನೂರು ವರ್ಷದ ಹಿಂದೆಯೇ ತೀರ್ಮಾನವಾದದ್ದು ಎನ್ನುತ್ತಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ತಂತಿಚುಕ್ಕಾಣಿ ಬೇಡ ಎನ್ನುವುದಿಲ್ಲ. ಎಂಜಿನ್ನಿಗೊಂದು ಕೈಯುದ್ದದ ಹಿಡಿಕೆ ಬಿಡಿ, ತಂತಿ ಮಾತು ಕೇಳದ ದಿನ ಮನುಷ್ಯ ಹಿಡಿದು ಎಳೆಯುವಂಥದ್ದು. ಈ ಕಾಗದ ನಿಮಗೆ ತಲುಪುವುದಿಲ್ಲವೆಂದೂ ಗೊತ್ತು. ಬರೆಯದೆ ಇನ್ನೇನು ಮಾಡಲಿ?

ಶೀನನ ಮಗಳು ನೀಲು ದೋಣಿ ರಿಪೇರಿ ಮಾಡಿಸಿದ್ದಾಳೆ. ನಾಳೆಯಿಂದ ಅವಳೇ ಹೋಗುತ್ತಾಳೆ. ಅಳಿವೆಯಲ್ಲಿ ಚಕ್ರ ಬಿಡಬೇಡ ಎಂದು ಆಣೆ ಹಾಕಿಸಿದೆ. "ಅತ್ತೆ, ಕೈ ಮುಗೀದೆ ಒಳ್ಗ್ ಬಪ್ಪುದ್ ಹ್ಯಾಂಗೆ?" ಎಂದು ಕೇಳಿದಳು.

ಅವಳ ಪಾಲಿನದನ್ನೂ ನಾನೇ ದಂಡೆಯ ಮೇಲೆ ನಿಂತು ಮುಗಿಯುತ್ತೇನೆ. ನನ್ನ ಕೈಗೆ ಉಳಿದಿರುವ ಕೆಲಸ ಅದೊಂದೇ.