ಎಲ್ಲಿಗೂ ಹೋಗದ ಸೈಕಲ್

ಮನೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ನನ್ನ ಮುದ್ದಿನ ಪುಟ್ಟೀ,

ಹೇಗಿದ್ದೀಯೆ? ಕೆಮ್ಮು ಬಿಟ್ಟಿತಾ? ಅಳಿಯಂದಿರು ಕೂತು ಊಟ ಮಾಡುತ್ತಾರಾ, ಇಲ್ಲಾ ನಿನ್ನ ಹಾಗೆ ನಿಂತೇ ತಿಂದು ಓಡುತ್ತಾರಾ? ನಾವೆಲ್ಲ ಚೆನ್ನಾಗಿದ್ದೇವೆ. ಈ ಸಲ ಇದನ್ನು ಬಾಯಿಮಾತಿಗೆ ಬರೆಯುತ್ತಿಲ್ಲ.

ಹೃದಯಾಘಾತವಾಗಿ ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮಪ್ಪ ಹಾಸಿಗೆ ಬಿಟ್ಟು ಏಳದಿದ್ದದ್ದು ನಿನಗೆ ಗೊತ್ತೇ ಇದೆ. ಫೋನಿನಲ್ಲಿ ಹೇಳಲು ಧೈರ್ಯ ಬಾರದ್ದು ಒಂದಿದೆ. ಒಂದು ಬೆಳಿಗ್ಗೆ ಕೆಳಗೆ ಬೇಕರಿಯಲ್ಲಿ ನಿನ್ನ ತಮ್ಮ ಇಡೀ ಟ್ರೇ ಬ್ರೆಡ್ಡನ್ನು ಸೀಯಿಸಿಬಿಟ್ಟ. ಹೊಗೆ ಮಹಡಿಗೂ ಬಂತು. ಮೊದಲಾಗಿದ್ದರೆ ಇವರು ಕೂಗಾಡಿ ಭೂಮಿ ಆಕಾಶ ಒಂದು ಮಾಡುತ್ತಿದ್ದರು. ಅವತ್ತು ಗೋಡೆ ಕಡೆಗೆ ಮಗ್ಗುಲಾಗಿ, "ನಾನಿದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ" ಅಂದರು. ಹೃದಯಾಘಾತವಾದ ದಿನವೂ ನಾನು ಅಷ್ಟು ಹೆದರಿರಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಗುಂಡಿಗೆ ಚೇತರಿಸಿಕೊಂಡಿದೆ, ಇದು ಖಿನ್ನತೆ, ಹೃದಯಾಘಾತವಾದ ಎಷ್ಟೋ ಜನರಿಗೆ ಬರುತ್ತದೆ, ಮಾತ್ರೆಯ ಜೊತೆಗೆ ವ್ಯಾಯಾಮವೂ ಮದ್ದೇ ಅಂತ. ಆಸ್ಪತ್ರೆಯಲ್ಲೇ ಅದಕ್ಕೊಂದು ಕೋಣೆಯಿದೆ. ಮೊದಲ ದಿನ ಇವರು, "ಎಲ್ಲಿಗೂ ಹೋಗದ ಸೈಕಲ್ ತುಳಿಯೋಕೆ ನನಗೇನು ತಲೆ ಕೆಟ್ಟಿದೆಯಾ?" ಅಂತ ಸಿಡುಕಿದರು. ಪಕ್ಕದ ಸೈಕಲ್ಲಿನಲ್ಲಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ಸು ತುಳಿಯುತ್ತಲೇ, "ನಂಗೆ ಎರಡು ಸಲ ಆಗಿದೆ ರೀ, ಸುಮ್ನೆ ಹತ್ತಿ" ಅಂದರು. ಹತ್ತಿಬಿಟ್ಟರು! ಮದುವೆಯಾದಾಗಿನಿಂದ ನನ್ನ ಒಂದು ಮಾತಾದರೂ ಕೇಳಿದ ಮನುಷ್ಯನಾ ಇದು?

ಅಲ್ಲಿಂದಾಚೆ ಎಲ್ಲ ಸರಾಗವಾಯಿತು ಅಂದುಕೊಳ್ಳಬೇಡ. ಒಂದು ದಿನ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದರು, ಕಣ್ಣಿಂದ ಧಾರಾಕಾರ ನೀರು. ಯಾಕೆ ಅಂದರೆ ಅವರಿಗೂ ಗೊತ್ತಿಲ್ಲ. "ಇವತ್ತೊಂದಿನ ಬಿಡಿ" ಅಂದೆ. ತೋಳಿಗೆ ಮೂಗು ಒರೆಸಿಕೊಂಡು, "ಇವತ್ತು ಬಿಟ್ರೆ ನಾಳೇನೂ ಬಿಡ್ತೀನಿ ಕಣೇ" ಅಂತ ಎದ್ದು ಹೊರಟರು. ಪುಟ್ಟೀ, ಬರಿಗೈಯಲ್ಲಿ ಈ ಬೇಕರಿ ಕಟ್ಟಿದಾಗಲೂ ನನಗೆ ಇವರ ಮೇಲೆ ಅಷ್ಟು ಅಭಿಮಾನ ಬಂದಿರಲಿಲ್ಲ. ಇದನ್ನು ಅವರಿಗೆ ಹೇಳಿಗೀಳಿಬಿಟ್ಟೀಯೆ, ತಲೆ ಮೇಲೆ ಕೊಂಬು ಬರುತ್ತದೆ.

ಈಗ ಬೆಳಿಗ್ಗೆ ಸ್ವಲ್ಪ ಹೊತ್ತು ಕೆಳಗಿಳಿದು ಹಿಟ್ಟು ನಾದುತ್ತಾರೆ. ನಿನ್ನೆ ನಿನ್ನ ತಮ್ಮನಿಗೆ, "ಇದೇನು ಬ್ರೆಡ್ಡೋ, ಇಟ್ಟಿಗೇನೋ?" ಅಂತ ಬೈದರು. ಬೈಸಿಕೊಂಡವನು ಹಲ್ಲು ಕಿಸಿಯುತ್ತ ಮೇಲೆ ಬಂದು ನನಗೆ ವರದಿ ಒಪ್ಪಿಸಿದ.

ನೀವಿಬ್ಬರೂ ನೂರು ಕಾಲ ಗಟ್ಟಿಮುಟ್ಟಾಗಿ, ಜಗಳಾಡಿಕೊಂಡು ಸುಖವಾಗಿರಿ.

ನಿನ್ನ
ಅಮ್ಮ

ತಾ.ಕ.: ಭಾನುವಾರ ಇವರು ಒಬ್ಬರೇ ರೈಲು ಹತ್ತಿ ನಿನ್ನ ಮನೆಗೆ ಬರುತ್ತಿದ್ದಾರೆ. ಡಾಕ್ಟರಮ್ಮ ಒಪ್ಪಿದ್ದಾರೆ. ನಿಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂತ ಅವರಿಗೆ ಗೊತ್ತು. ಅದಕ್ಕೆಂದೇ ಆ ಕೋಣೆಯಲ್ಲಿ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿಕೊಂಡಿದ್ದಾರೆ. ನಡುನಡುವೆ ನಿಲ್ಲುತ್ತಾರೆ, ಸುಧಾರಿಸಿಕೊಂಡು ಮತ್ತೆ ಹತ್ತುತ್ತಾರೆ. ಕಿಟಕಿಯಿಂದ ಕಂಡರೂ ಇಳಿದು ಓಡಬೇಡ, ಕೈಯ ಚೀಲ ಕಸಿದುಕೊಳ್ಳಬೇಡ, ಅಳಿಯಂದಿರನ್ನೂ ಕಳಿಸಬೇಡ. ನಿನಗೆ ತಡೆದುಕೊಳ್ಳಲಾಗುವುದಿಲ್ಲ, ನನಗೆ ಗೊತ್ತು. ಆದರೂ ಬಾಗಿಲು ಹಾಕಿಕೊಂಡು ಒಳಗೇ ಇರು. ಬೆಲ್ ಅವರೇ ಒತ್ತಲಿ.