ಅಳದ ಮಗುವನ್ನು ನೋಡಲು ಯಾರೂ ಬರಲಿಲ್ಲ

ಮಾನ್ಯ ಆರೋಗ್ಯಾಧಿಕಾರಿಗಳೇ,

ತಾವು ಕ್ಷೇಮವೇ ಎಂದು ಕೇಳಿ ಪತ್ರ ಶುರುಮಾಡುವ ಮನಸ್ಸು ನನಗಿಲ್ಲ, ಮನ್ನಿಸಿ. ನೇರವಾಗಿ ಹೇಳಿಬಿಡುತ್ತೇನೆ. ಬಾಣಂತಿಯರ ಮನೆಗೆ ನರ್ಸ್ ಹೋಗಿ ತಾಯಿ-ಮಗುವನ್ನು ನೋಡಿ ಬರುವ ಪದ್ಧತಿಯನ್ನು ತಾವು ಕಳೆದ ವರ್ಷ ನಿಲ್ಲಿಸಿದಿರಿ. ಈ ವರ್ಷ ನನ್ನ ಮಗಳ ಕೂಸು ಸತ್ತುಹೋಯಿತು. ಈ ಎರಡಕ್ಕೂ ಸಂಬಂಧವಿಲ್ಲ ಎಂದು ತಮ್ಮ ಕಚೇರಿ ಹೇಳುತ್ತದೆ. ಇದೆ ಎಂದು ನಾನು ಹೇಳುತ್ತೇನೆ. ಮೊದಲು ಕಚೇರಿಗೇ ಬಂದು ಹೇಳಿದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮತ್ತೆ ಬಂದೆ, ಆಗಲೂ ಮೀಟಿಂಗು. ಮನೆಮನೆಗೆ ಹೋಗುವ ಕೆಲಸವನ್ನು ನಿಲ್ಲಿಸಿದ ಮೇಲೆ ಮಾತಾಡಲು ಇಷ್ಟೊಂದು ಏನಿರುತ್ತದೆಯೋ ನನಗೆ ತಿಳಿಯದು. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ, ಕನ್ನಡಕದ ಗಾಜು ದಪ್ಪವಾಗುತ್ತಾ ಬಂದರೂ ಬಿಟ್ಟಿಲ್ಲ. ತಮ್ಮ ಇಲಾಖೆಯ ಪ್ರಕಟಣೆಗಳೂ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಹಾಗಾಗಿ ತಮ್ಮ ಭಾಷೆ ನನಗೆ ತಕ್ಕಮಟ್ಟಿಗೆ ಬರುತ್ತದೆ. ‘ಸೇವೆಗಳ ಮರುಹೊಂದಾಣಿಕೆ’ ಎಂದರೆ ಬಾಗಿಲಿಗೆ ಬೀಗ. ‘ಕುಟುಂಬಗಳ ಸಬಲೀಕರಣ’ ಎಂದರೆ ನಿಮ್ಮ ಪಾಡು ನಿಮಗೆ. ಈ ಪದಗಳಲ್ಲಿ ಒತ್ತಕ್ಷರ ತಪ್ಪಿದ್ದರೆ ತಿದ್ದಿ ಕಳಿಸಿದ್ದೇನೆ. ಅರ್ಥ ತಿದ್ದುವ ಅಧಿಕಾರ ನನಗಿರಲಿಲ್ಲ.

ನಮ್ಮದು ಕಲ್ಲುಕ್ವಾರಿಯ ಮಗ್ಗುಲಿಗೆ, ಗುಡ್ಡಕ್ಕೆ ಅಂಟಿಕೊಂಡ ಬಡಾವಣೆ. ನಮಗೆ ಮೆಟ್ಟಿಲೇ ಬೀದಿ. ಕೆಳಗೆ ನೀರಿನ ಟ್ಯಾಂಕಿನ ಹಿಂದೆ ಒಂದು ಕೋಣೆಯಿತ್ತು. ಒಂದು ಬೆಂಚು, ಒಂದು ಪರದೆ, ಕೂಸುಗಳನ್ನು ಜೋಳಿಗೆಯಲ್ಲಿ ಮಲಗಿಸಿ ತೂಗುವ ಕೊಕ್ಕೆ ತಕ್ಕಡಿ, ಇಷ್ಟೇ ಅಲ್ಲಿನ ವೈಭವ. ಅಲ್ಲಿದ್ದ ನರ್ಸಮ್ಮ ಬೆಳಿಗ್ಗೆ ಕೋಣೆಯಲ್ಲಿ ಕೂರುತ್ತಿದ್ದಳು, ಮಧ್ಯಾಹ್ನದ ನಂತರ ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಿದ್ದಳು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೋ ಆ ಮನೆಗೆ ಕರೆಯದೆಯೇ ಬರುತ್ತಿದ್ದಳು. ಕರೆಯದೆಯೇ ಎಂಬ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಕರೆಯಬೇಕೆಂದು ಗೊತ್ತಾಗುವವರಿಗೆ ಆಸ್ಪತ್ರೆಯ ದಾರಿಯೂ ಗೊತ್ತಿರುತ್ತದೆ. ಗೊತ್ತಾಗದವರಿಗಾಗಿಯೇ ಅಲ್ಲವೇ ಆಕೆ ಬರುತ್ತಿದ್ದುದು?

ನನ್ನ ಮಗಳ ಮೊದಲ ಹೆರಿಗೆಯ ಮಾತು ಹೇಳುತ್ತೇನೆ. ಹೆಣ್ಣುಮಗು. ಹುಟ್ಟಿದಾಗಲೇ ಕೆನ್ನೆ ಉಬ್ಬಿಸಿಕೊಂಡು ಬಂದವಳಿಗೆ ಗುಂಡಮ್ಮ ಎಂದೇ ಹೆಸರಾಯಿತು, ಈಗಲೂ ಹಾಗೇ ಕರೆಯುತ್ತೇವೆ. ಮನೆಗೆ ಬಂದ ಮೇಲೆ ಎಲ್ಲರೂ ಗುಂಡಮ್ಮನ ಸುತ್ತಲೇ. ನರ್ಸಮ್ಮ ಬಂದವಳು ಮಗುವನ್ನು ನೋಡಿ ಮುಗಿಸಿ, ಈಗ ತಾಯಿಯನ್ನು ನೋಡಬೇಕು, ನೀವೆಲ್ಲ ಸ್ವಲ್ಪ ಹೊರಗಿರಿ ಎಂದಳು. ತಾಯಿಗೇನಾಗಿದೆ, ಚೆನ್ನಾಗಿಯೇ ಇದ್ದಾಳೆ ಎಂದು ನಾನು ಗೊಣಗಿದೆ. ಒಳಗೆ ಏನು ಕೇಳಿದಳೋ ಏನೋ, ಹೊರಬಂದವಳ ಮುಖ ಬೇರೆಯೇ ಆಗಿತ್ತು. ನನ್ನ ಮಗಳು ಹಿಂದಿನ ದಿನದಿಂದ ಚಳಿ ಹಿಡಿದು ನಡುಗುತ್ತಿದ್ದಳಂತೆ, ರಕ್ತಸ್ರಾವಕ್ಕೆ ಕೆಟ್ಟ ವಾಸನೆ ಇತ್ತಂತೆ. ಹೆತ್ತವರಿಗೆಲ್ಲ ಹೀಗೇ ಇರಬಹುದು ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದಳು. ನರ್ಸಮ್ಮ ಆ ಗಳಿಗೆಯಲ್ಲೇ ಅವಳ ತೋಳಿಗೆ ತೋಳು ಕೊಟ್ಟು ಮೆಟ್ಟಿಲಿಳಿಸಿ, ಕಲ್ಲು ಹೇರಲು ಹೊರಟಿದ್ದ ಲಾರಿಯನ್ನೇ ನಿಲ್ಲಿಸಿ, ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಮಗಳು ಉಳಿದಳು. ಗರ್ಭಕೋಶಕ್ಕೆ ನಂಜಾಗಿತ್ತು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು.

ಆಮೇಲೆ ತಾವು ಬಂದಿರಿ. ದೊಡ್ಡ ರಸ್ತೆಯ ಆಚೆಗೆ ಹೊಸ ತಾಯಿ-ಮಗು ಕೇಂದ್ರ ಕಟ್ಟಿಸಿದಿರಿ. ಕಟ್ಟಡ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಗಾಜಿನ ಬಾಗಿಲು, ಟೋಕನ್ ಕೊಡುವ ಯಂತ್ರ, ಗೋಡೆಯ ಮೇಲೆ ನಗುವ ಮಗುವಿನ ಚಿತ್ರ. ಉದ್ಘಾಟನೆಯ ದಿನ ನಾನೂ ಇದ್ದೆ. ಮನೆಬಾಗಿಲಿಗೆ ಹೋಗುವುದು ಹಳೆಯ ಕಾಲದ ರೀತಿ, ಇನ್ನು ಜನರೇ ಗುಣಮಟ್ಟದ ಸೇವೆಯನ್ನು ಅರಸಿ ಬರುತ್ತಾರೆ ಎಂದು ತಾವು ಭಾಷಣ ಮಾಡಿದಿರಿ. ನಾವೂ ಚಪ್ಪಾಳೆ ತಟ್ಟಿದೆವು. ಟ್ಯಾಂಕಿನ ಹಿಂದಿನ ಕೋಣೆಗೆ ಬೀಗ ಬಿತ್ತು. ನರ್ಸಮ್ಮನನ್ನು ಹೊಸ ಕೇಂದ್ರದ ನೋಂದಣಿ ಕೌಂಟರಿನಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದಿರಿ. ಮನೆಭೇಟಿಯ ಬದಲಿಗೆ ಎರಡು ವ್ಯವಸ್ಥೆ ಮಾಡಿದಿರಿ: ಒಂದು ಕರಪತ್ರ, ಒಂದು ಫೋನ್ ಕರೆ.

ಈಗ ಎರಡನೆಯ ಹೆರಿಗೆ. ಗಂಡುಮಗು, ತುಸು ಸಣ್ಣವನು. ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆಗೆ ತತ್ವಾರ, ಆದ್ದರಿಂದ ಮರುದಿನವೇ ಮನೆಗೆ ಕಳಿಸಿದರು. ಇನ್ನೂ ಹೆಸರಿಟ್ಟಿರಲಿಲ್ಲ. ಗುಂಡಮ್ಮ ತೊಟ್ಟಿಲು ಹಿಡಿದು ನಿಂತು ಪಾಪಣ್ಣ ಎಂದಳು, ನಮಗೂ ಅದೇ ರೂಢಿಯಾಯಿತು. ಮೊದಲ ಸಲದ ಭಯ ಎದೆಯಲ್ಲಿದ್ದುದರಿಂದ ಈ ಸಲ ನಾವೆಲ್ಲ ತಾಯಿಯನ್ನೇ ಕಾದೆವು. ಹಣೆ ಮುಟ್ಟಿ ನೋಡಿದೆವು, ಚಳಿಯಾಗುತ್ತಿದೆಯಾ ಎಂದು ಕೇಳಿ ಕೇಳಿ ಅವಳಿಗೆ ಬೇಸರ ಹಿಡಿಸಿದೆವು. ನರ್ಸಮ್ಮ ಕಲಿಸಿಹೋಗಿದ್ದ ಪಾಠವನ್ನು ಅಕ್ಷರಶಃ ಪಾಲಿಸಿದೆವು. ಮುಂದಿನ ಪಾಠ ಕಲಿಸಲು ಯಾರೂ ಬರಲಿಲ್ಲ.

ಪಾಪಣ್ಣ ಅಳುತ್ತಿರಲಿಲ್ಲ. ಮೊದಲ ಎರಡು ದಿನ ತಕ್ಕಷ್ಟು ಅತ್ತ, ಆಮೇಲೆ ಸುಮ್ಮನಾದ. ಮಲಗಿದರೆ ಮಲಗಿದ ಹಾಗೇ. ನೋಡಲು ಬಂದ ಅಕ್ಕಪಕ್ಕದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಎಂಥ ಸಾಧು ಮಗು, ಪುಣ್ಯ ಮಾಡಿದ್ದೀಯ ಕಣೇ, ರಾತ್ರಿ ನಿದ್ದೆಯಾದರೂ ಸಿಗುತ್ತೆ ಎಂದರು. ಗುಂಡಮ್ಮ ಊರು ಎಬ್ಬಿಸುತ್ತಿದ್ದಳು, ಅವಳ ತಮ್ಮನೋ ಋಷಿ ಎಂದು ನಾನೇ ತಮಾಷೆ ಮಾಡಿ ನಗಿಸಿದೆ. ಅಳಿಯ ಲಾರಿ ಚಾಲಕ, ಸರಕು ಹೇರಿಕೊಂಡು ದೂರದ ಊರಿಗೆ ಹೋಗಿದ್ದ. ಫೋನ್ ಮಾಡಿದಾಗ, ಮಗು ಹೇಗಿದೆ ಅತ್ತೆ ಎಂದು ಕೇಳಿದ. ಬಹಳ ಜಾಣ, ಅಳೋದೇ ಇಲ್ಲ ಅಂದೆ. ಅದಾದ ಸ್ವಲ್ಪ ಹೊತ್ತಿಗೇ ತಮ್ಮ ಇಲಾಖೆಯ ಕರೆ ಅವನ ಫೋನಿಗೆ ಹೋಗಿದೆ. ಹೆಣ್ಣಿನ ದನಿ, ಬಹಳ ಮಧುರ. ನಿಮ್ಮ ಮಗು ಆರೋಗ್ಯವಾಗಿದ್ದರೆ ಒಂದನ್ನು ಒತ್ತಿ ಎಂದಿತು. ನಾನು ಹೇಳಿದ್ದನ್ನು ನಂಬಿ, ಎಲ್ಲೋ ಹೆದ್ದಾರಿಯ ಬದಿಯಲ್ಲಿ ಲಾರಿ ನಿಲ್ಲಿಸಿಕೊಂಡು ಅವನು ಒಂದನ್ನು ಒತ್ತಿದ.

ತಮ್ಮ ದಾಖಲೆಯಲ್ಲಿ ಪಾಪಣ್ಣ ಆ ದಿನ ಆರೋಗ್ಯವಂತ.

ಕರಪತ್ರವಿತ್ತಲ್ಲ ಎನ್ನುತ್ತೀರಿ. ಇತ್ತು. ಅದರ ಕರಡು ತಿದ್ದಿದವಳು ನಾನೇ. ‘ಅತಿಯಾದ ನಿದ್ರೆ, ಹಾಲು ಹೀರಲು ನಿರಾಸಕ್ತಿ, ಚಟುವಟಿಕೆಯಲ್ಲಿ ಇಳಿಮುಖ’ ಎಂಬ ಸಾಲಿನಲ್ಲಿ ಅಲ್ಪವಿರಾಮ ಸರಿಯಾಗಿದೆಯೇ ಎಂದು ಬೆರಳಿಟ್ಟು ನೋಡಿದ್ದೇನೆ. ಅದೇ ಸಾಲು ನನ್ನ ಮನೆಯ ತೊಟ್ಟಿಲಲ್ಲಿ ಮಲಗಿದ್ದಾಗ ನನಗೆ ಓದಲು ಬರಲಿಲ್ಲ. ದಿನವಿಡೀ ಅಕ್ಷರದ ನಡುವೆಯೇ ಬದುಕುವ ನನ್ನ ಗತಿಯೇ ಹೀಗಾದರೆ, ಕ್ವಾರಿಯಲ್ಲಿ ಕಲ್ಲು ಒಡೆದು ಬರುವ ಹೆಂಗಸು ತಮ್ಮ ‘ಇಳಿಮುಖ’ವನ್ನು ತೆಗೆದುಕೊಂಡು ಏನು ಮಾಡಬೇಕು? ಮಗುವಿನ ಹೊದಿಕೆ ಸರಿಸಿ ಅಂಗಾಲು ಮುಟ್ಟಿ, ಇದು ತಣ್ಣಗಿದೆ, ಏಳಿ ಹೋಗೋಣ ಎಂದು ಹೇಳಲು ಕಾಗದಕ್ಕೆ ಕೈಯಿದೆಯೇ? ಒಂದನ್ನು ಒತ್ತಿ ಎನ್ನುವ ದನಿಗೆ ಕಣ್ಣಿದೆಯೇ?

ಮಗಳು ಪ್ರೆಸ್ಸಿಗೆ ಫೋನ್ ಮಾಡಿದಾಗ ಮಧ್ಯಾಹ್ನ. “ಅಮ್ಮಾ, ಇವನು ಬಾಯೇ ತೆಗೀತಿಲ್ಲ” ಅಂದಳು. ಅಷ್ಟೇ. ನಾನು ಮನೆ ಮುಟ್ಟುವಷ್ಟರಲ್ಲಿ ಅವಳು ಮಗುವನ್ನು ಎತ್ತಿಕೊಂಡು ಅರ್ಧ ಮೆಟ್ಟಿಲು ಇಳಿದಿದ್ದಳು. ಹೊಲಿಗೆ ಇನ್ನೂ ಮಾಯದ ಮೈ, ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚುತ್ತಿದ್ದಳು. ದೊಡ್ಡ ರಸ್ತೆ ದಾಟಲು ಸೇತುವೆಯಿಲ್ಲ ಎಂಬುದು ತಮಗೆ ತಿಳಿದಿರಲಿಕ್ಕಿಲ್ಲ, ತಾವು ಬಂದದ್ದು ಆಚೆ ಕಡೆಯಿಂದ. ವಾಹನಗಳು ಬಿಡುವು ಕೊಡುವವರೆಗೆ ನಾವಿಬ್ಬರೂ ಅಂಚಿನಲ್ಲಿ ನಿಂತಿದ್ದೆವು. ಮಗಳು ಮಗುವಿನ ಮುಖಕ್ಕೆ ಧೂಳು ಬೀಳದಂತೆ ಸೆರಗು ಅಡ್ಡ ಹಿಡಿದುಕೊಂಡಿದ್ದಳು.

ಕೇಂದ್ರದಲ್ಲಿ ಟೋಕನ್ ತೆಗೆದುಕೊಳ್ಳಿ ಎಂದು ಕಾವಲುಗಾರ ಹೇಳುತ್ತಿದ್ದಂತೆಯೇ ಕೌಂಟರಿನ ಹಿಂದೆ ಕೂತಿದ್ದ ನರ್ಸಮ್ಮ ನಮ್ಮನ್ನು ಕಂಡಳು. ಎದ್ದು ಓಡಿ ಬಂದಳು, ಮಗುವನ್ನು ತೆಗೆದುಕೊಂಡು ಒಳಗೆ ಹೋದಳು. ಅಲ್ಲಿದ್ದ ಎಳೆಯ ಡಾಕ್ಟರು ತಮ್ಮಿಂದಾದದ್ದನ್ನೆಲ್ಲ ಮಾಡಿದರು, ಅವರ ಮೇಲೆ ನನಗೆ ದೂರಿಲ್ಲ. ರಕ್ತಕ್ಕೆ ನಂಜು ಏರಿದೆ, ದೊಡ್ಡಾಸ್ಪತ್ರೆಗೆ ಹೋಗಲೇಬೇಕು ಎಂದರು. ಆಂಬುಲೆನ್ಸ್ ಬಂತು. ದಾರಿಯುದ್ದಕ್ಕೂ ಮಗಳು ಅವನನ್ನು ಎದೆಗೆ ಒತ್ತಿಕೊಂಡು, ಅಳು ಕಂದಾ, ಒಂದು ಸಲ ಅಳು ಎಂದು ಬೇಡುತ್ತಿದ್ದಳು. ಆಸ್ಪತ್ರೆಯ ಗೇಟು ಕಾಣುವ ಮೊದಲೇ ಅವನು ಹೋಗಿಬಿಟ್ಟಿದ್ದ. ಅದು ನನಗೆ ಗೊತ್ತಾಯಿತು. ಅವಳಿಗೂ ಗೊತ್ತಾಗಿತ್ತು ಎಂದೇ ತೋರುತ್ತದೆ. ಆದರೂ ಬೇಡುವುದನ್ನು ನಿಲ್ಲಿಸಲಿಲ್ಲ.

ಇನ್ನು ತಮ್ಮ ಇಲಾಖೆಯ ಚುರುಕುತನದ ಬಗ್ಗೆ ಎರಡು ಮಾತು ಹೇಳಲೇಬೇಕು. ಮಗು ಬದುಕಿದ್ದಾಗ ನಮ್ಮ ಮೆಟ್ಟಿಲು ಹತ್ತಲು ಒಬ್ಬ ನರ್ಸ್ ಇರಲಿಲ್ಲ. ಮಗು ಸತ್ತ ವಾರದೊಳಗೆ ಜೀಪು ಬಂತು, ಅಧಿಕಾರಿಗಳ ತಂಡವೇ ಮೆಟ್ಟಿಲು ಹತ್ತಿ ಬಂತು. ಶಿಶುಮರಣದ ಪರಿಶೀಲನೆಯಂತೆ. ಮನೆಭೇಟಿ ಸಾಧ್ಯವಿದೆ ಎಂದಾಯಿತಲ್ಲ! ಸಾಯುವ ತನಕ ಕಾಯಬೇಕು, ಅಷ್ಟೇ. ಮಗಳನ್ನು ಕೂರಿಸಿ ಪ್ರಶ್ನೆ ಕೇಳಿದರು. ಮಗು ಕುಡಿಯುವುದನ್ನು ಯಾವಾಗ ನಿಲ್ಲಿಸಿತು, ಯಾಕೆ ತಡಮಾಡಿದಿರಿ, ಯಾರನ್ನಾದರೂ ಕೇಳಿದಿರಾ. ಕೊನೆಗೆ ತಂಡದಲ್ಲಿದ್ದ ಹೆಂಗಸು, ತಾನೂ ಮಕ್ಕಳ ತಾಯಿಯೇ ಇರಬೇಕು, ಮೆಲ್ಲಗೆ ಕೇಳಿದಳು: “ನಿನಗೆ ಇದು ಎರಡನೇ ಹೆರಿಗೆ ಅಲ್ವಾ? ಗೊತ್ತಾಗಲಿಲ್ವಾ?”

ಅವರು ವರದಿ ಬರೆದುಕೊಂಡು ಇಳಿದುಹೋದರು. ಆ ಒಂದು ಪ್ರಶ್ನೆಯನ್ನು ಮಾತ್ರ ಇಲ್ಲೇ ಬಿಟ್ಟುಹೋದರು. ನನ್ನ ಮಗಳು ಅದನ್ನು ಹಿಡಿದುಕೊಂಡು ಕೂತಳು. ಅನ್ನದ ಮುಂದೆ ಕೂತರೆ, “ಎರಡನೇದು ಅಲ್ವಾ ಅಮ್ಮಾ, ನನಗೆ ಗೊತ್ತಾಗಬೇಕಿತ್ತು” ಎನ್ನುವಳು. ಗುಂಡಮ್ಮನ ತಲೆ ಬಾಚುತ್ತಾ ಅದನ್ನೇ ಹೇಳುವಳು. ಅಳಿಯ ಬಂದ. ಒಂದನ್ನು ಒತ್ತಿದ ಬೆರಳನ್ನು ನೋಡಿಕೊಳ್ಳುತ್ತಾ ಮೂಲೆಯಲ್ಲಿ ಕೂತ. ನಾನು ಹೊಗಳಿದ್ದನ್ನು ನೆನೆದು ನಾನು ಕೂತೆ. ಹೀಗೆ ಒಂದೇ ಮನೆಯಲ್ಲಿ ಮೂರು ಜನ ಅಪರಾಧಿಗಳು ತಮಗೆ ಸುಲಭವಾಗಿ ಸಿಕ್ಕರು. ನಾಲ್ಕನೆಯವರನ್ನು ಹುಡುಕುವ ಶ್ರಮ ತಮ್ಮ ತಂಡಕ್ಕೆ ಬೇಕಾಗಲಿಲ್ಲ.

ಮಗುವಿಲ್ಲ ಎಂಬುದು ಮೈಗೆ ತಿಳಿಯುತ್ತದೆಯೇ? ಹಾಲು ಬರುತ್ತಲೇ ಇತ್ತು. ಪಕ್ಕದ ಮನೆಯಲ್ಲಿ ಯಾವುದೋ ಕೂಸು ಅತ್ತರೆ ನನ್ನ ಮಗಳ ರವಿಕೆ ತೋಯುತ್ತಿತ್ತು. ಎದೆ ಕಲ್ಲಾಗಿ ಜ್ವರ ಬಂದರೂ ಅವಳು ಯಾರಿಗೂ ಹೇಳಲಿಲ್ಲ. ಅದು ತನಗೆ ತಕ್ಕ ಶಾಸ್ತಿ ಎಂಬಂತೆ ಸಹಿಸಿಕೊಂಡಿದ್ದಳು. ಅದನ್ನು ಕಂಡುಹಿಡಿದದ್ದು ನರ್ಸಮ್ಮನೇ. ತನ್ನ ರಜೆಯ ದಿನ, ಯಾರ ಆದೇಶವೂ ಇಲ್ಲದೆ ಬಂದಳು. ಬಿಸಿನೀರು ಕಾಯಿಸಲು ನನಗೆ ಹೇಳಿ, ಬಾಗಿಲು ಮುಂದೆ ಮಾಡಿಕೊಂಡು, ಬಟ್ಟೆ ಅದ್ದಿ ಒತ್ತಡ ಇಳಿಸಿದಳು. ಒಳಗಿನ ಮಾತು ನನಗೆ ಕೇಳಿಸಿತು. ಮಗಳು ಅದೇ ಮಾತು ಹೇಳಿದಳು, ನನಗೆ ಗೊತ್ತಾಗಬೇಕಿತ್ತು ಅಕ್ಕಾ ಎಂದು.

“ಇಲ್ಲಮ್ಮ,” ಎಂದಳು ನರ್ಸಮ್ಮ. “ಗೊತ್ತಾಗಬೇಕಿದ್ದಿದ್ದು ನನಗೆ. ನೋಡೋಕೆ ಬರೋದು ನನ್ನ ಕೆಲಸ ಆಗಿತ್ತು. ನನ್ನನ್ನ ಬರದ ಹಾಗೆ ಮಾಡಿದ್ರು.”

ಪಾಪಣ್ಣ ಹೋದಂದಿನಿಂದ ಮಗಳು ದನಿ ತೆಗೆದು ಅತ್ತಿರಲಿಲ್ಲ. ಅಂದು ಅತ್ತಳು, ಬಹಳ ಹೊತ್ತು ಅತ್ತಳು. ಸಂಜೆ ಎರಡು ತುತ್ತು ಉಂಡಳು.

ಈ ಮಾತು ಬರೆದದ್ದರಿಂದ ಆ ನರ್ಸಮ್ಮನಿಗೆ ತಾವು ನೋಟಿಸು ಕಳಿಸಬಹುದು ಎಂದು ಹಿತೈಷಿಗಳು ಎಚ್ಚರಿಸಿದ್ದಾರೆ. ಅನುಮತಿಯಿಲ್ಲದೆ ಒಬ್ಬ ತಾಯಿಯ ಕಣ್ಣೊರೆಸಿದ್ದಕ್ಕೆ ಯಾವ ನಿಯಮದಡಿ ಶಿಕ್ಷೆಯಿದೆಯೋ ನೋಡಿ ತಿಳಿಸಿ. ನೋಟಿಸಿನ ಕರಡನ್ನು ನಾನೇ ತಿದ್ದಿಕೊಡುತ್ತೇನೆ.

ಈಗ ನನ್ನ ಬೇಡಿಕೆ. ಗಾಜಿನ ಬಾಗಿಲು ಇರಲಿ, ಟೋಕನ್ ಯಂತ್ರವೂ ಇರಲಿ, ನಾವು ಯಾವುದನ್ನೂ ಕಿತ್ತುಹಾಕಿ ಎನ್ನುತ್ತಿಲ್ಲ. ಟ್ಯಾಂಕಿನ ಹಿಂದಿನ ಕೋಣೆಯ ಬೀಗ ತೆಗೆಯಿರಿ. ನರ್ಸಮ್ಮನನ್ನು, ಆಕೆಯಂಥವರನ್ನು, ಮತ್ತೆ ಮೆಟ್ಟಿಲು ಹತ್ತಲು ಬಿಡಿ. ಮತ್ತು ತಮ್ಮ ವರದಿಯಲ್ಲಿ ಬರೆದಿರುವ ‘ಕುಟುಂಬದವರು ಲಕ್ಷಣಗಳನ್ನು ತಡವಾಗಿ ಗುರುತಿಸಿದ್ದು’ ಎಂಬ ಸಾಲನ್ನು ಹೊಡೆದುಹಾಕಿ, ಹಾಗೆಂದು ನನ್ನ ಮಗಳ ಮುಂದೆ ಕೂತು ಬಾಯಿಬಿಟ್ಟು ಹೇಳಿ. ಫೋನಿನಲ್ಲಿ ಬೇಡ.

ಬೇಗ ಮಾಡಿ ಎನ್ನಲು ಕಾರಣವಿದೆ. ನಮ್ಮ ಮೇಲಿನ ಮನೆಯಲ್ಲಿ ಇಸ್ತ್ರಿ ಮಾಡುವವಳೊಬ್ಬಳಿಗೆ ಮೊನ್ನೆ ಹೆರಿಗೆಯಾಗಿದೆ. ನನ್ನ ಮಗಳು ದಿನಾ ಬೆಳಿಗ್ಗೆ ಎದ್ದವಳೇ ಮುಖ ತೊಳೆದು ಆ ಮನೆಗೆ ಹೋಗುತ್ತಾಳೆ. ಕೂಸಿನ ಹೊದಿಕೆ ಸರಿಸಿ ಅಂಗಾಲು ಮುಟ್ಟುತ್ತಾಳೆ. ಅದು ಹಾಲು ಹೀರಿ ಮುಗಿಸುವವರೆಗೆ ಎದುರಿಗೇ ಕೂರುತ್ತಾಳೆ. ಸತ್ತ ಮಗುವಿನ ತಾಯಿ ತನ್ನ ಕೂಸನ್ನು ಮುಟ್ಟುವುದು ಇಸ್ತ್ರಿಯವಳಿಗೆ ಮೊದಲು ಹಿಡಿಸಲಿಲ್ಲ, ಅದು ಸಹಜವೇ. ಈಗ ತಾನಾಗಿಯೇ ಬಾಗಿಲು ತೆರೆದಿಟ್ಟಿರುತ್ತಾಳೆ. ಮಗಳು ಕೆಳಗಿಳಿದು ಬಂದು ಗೋಡೆಗೊರಗಿ ಕೂತು ನಡುಗುತ್ತಾಳೆ. ಆ ನಡುಕ ನಿಲ್ಲುವವರೆಗೆ ನಾನು ಕೆಲಸಕ್ಕೆ ಹೊರಡುವುದಿಲ್ಲ.

ಆ ಕೂಸನ್ನು ಹೋಗಿ ನೋಡುವುದು ತಮ್ಮ ಇಲಾಖೆಯ ಕೆಲಸ, ಮಾನ್ಯರೇ. ದಯವಿಟ್ಟು ನನ್ನ ಮಗಳನ್ನು ಅದರಿಂದ ಬಿಡಿಸಿ.

ಇಂತಿ,
ಕೆಲವೇ ದಿನ ಇಬ್ಬರು ಮೊಮ್ಮಕ್ಕಳ ಅಜ್ಜಿಯಾಗಿದ್ದವಳು